ಸೈನ್ ಇದೆ ಸಾರ್

ಬೆಂಗಳೂರಿನ ಅವೆನ್ಯೂ ರೋಡಿನ ಹಳೇ ಪುಸ್ತಕದಂಗಡಿಯವನು ನಾನು ಎತ್ತಿಕೊಂಡ ಕವನ ಸಂಕಲನಕ್ಕೆ ಎಂಬತ್ತು ರೂಪಾಯಿ ಅಂದ. ಹಾಳೆ ತಿರುಗಿಸುವಾಗ ಕವಿಗಳ ಸಹಿ ಅವನ ಕಣ್ಣಿಗೂ ಬಿತ್ತು ನೋಡಿ, "ಸೈನ್ ಇದೆ ಸಾರ್, ಮುನ್ನೂರು" ಅಂದುಬಿಟ್ಟ. ಒಳಗಿನ ಪದ್ಯಗಳಲ್ಲಿ ಒಂದಕ್ಷರವೂ ಬದಲಾಗಿರಲಿಲ್ಲ! ಕೊಟ್ಟು ತಂದೆ, ಆ ಮಾತು ಬೇರೆ.

ಅಮೆರಿಕದ ಅಧ್ಯಕ್ಷರಾಗಿದ್ದ ಕೆನಡಿಯ ಹೆಂಡತಿ ಜಾಕಿ ಹಾಕಿಕೊಳ್ಳುತ್ತಿದ್ದ ಮೂರೆಳೆ ಮುತ್ತಿನ ಸರ ಅಸಲಿಯಲ್ಲ. 1996ರ ನ್ಯೂಯಾರ್ಕ್ ಹರಾಜಿನಲ್ಲಿ ಹೆಚ್ಚೆಂದರೆ 700 ಡಾಲರ್ ಅಂದುಕೊಂಡಿದ್ದರು, ಬಂದದ್ದು 2,11,500. ಗಾಂಧೀಜಿಯ ಕನ್ನಡಕವನ್ನು ಬ್ರಿಸ್ಟಲ್‌ನ ಹರಾಜಿನವರ ಲೆಟರ್ ಬಾಕ್ಸಿಗೆ ಯಾರೋ ಕವರಿನಲ್ಲಿ ತುರುಕಿ ಹೋಗಿದ್ದರು. 2020ರಲ್ಲಿ ಅದು 2,60,000 ಪೌಂಡಿಗೆ ಹೋಯಿತು.

ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಸಂಶೋಧಕರು ಇದರ ಬೆನ್ನು ಹತ್ತಿದ್ದರು. ಮೆಚ್ಚಿನ ತಾರೆಯ ಸ್ವೆಟರ್ ಕೊಳ್ಳುವ ಆಸೆ ಎಷ್ಟಿದೆ ಅಂತ ಕೇಳೋದು; ಆಮೇಲೆ "ಅದನ್ನು ಕ್ರಿಮಿಶುದ್ಧಿ ಮಾಡಿದ್ದೇವೆ" ಅನ್ನೋದು. ಅಷ್ಟಕ್ಕೇ ಆಸೆ ಇಳಿಯಿತಂತೆ. ಅಂದರೆ ಜನಕ್ಕೆ ಬೇಕಿರೋದು ಉಣ್ಣೆಗಿಂತ ಹೆಚ್ಚಾಗಿ ಬೆವರು! ಅಣ್ಣನ ಪಾದುಕೆಯನ್ನು ಸಿಂಹಾಸನದ ಮೇಲಿಟ್ಟ ಭರತನ ಕಥೆ ಕೇಳಿ ಬೆಳೆದ ನಮಗೆ ಇದೇನು ಹೊಸದಲ್ಲ ಬಿಡಿ.

ನನಗೆ ವಿಚಿತ್ರ ಅನ್ನಿಸೋದು ಇನ್ನೊಂದು. ಟಿಪ್ಪುವಿನ ಶಯನಗೃಹದ ಖಡ್ಗ 2023ರಲ್ಲಿ ಲಂಡನ್ನಿನಲ್ಲಿ 1.4 ಕೋಟಿ ಪೌಂಡಿಗೆ ಮಾರಾಟವಾಯಿತು. ಅದೇ ಟಿಪ್ಪು 1791ರಲ್ಲಿ ಮುಗಿಸಿದ ಬೇಸಿಗೆ ಅರಮನೆ ಕೆ.ಆರ್. ಮಾರ್ಕೆಟ್ ಪಕ್ಕದಲ್ಲೇ ಇದೆ, ತೇಗದ ಕಂಬಗಳ ಸಮೇತ. ಚಿಲ್ಲರೆ ಕಾಸಿನ ಟಿಕೆಟ್. ಈ ವಾರ ಯಾರಾದರೂ ಹೋಗೋರಿದ್ದರೆ ಹೇಳಿ, ನಾನೂ ಬರ್ತೀನಿ.