ಕೇಪಿನ ಕೋವಿಗೆ ಹೆಗಲಪಟ್ಟಿ

1972ರ ವನ್ಯಜೀವಿ ಕಾಯ್ದೆಯಡಿ ಶಿಕಾರಿಗೆ ಈಗ ಅವಕಾಶವಿಲ್ಲ. ಆದರೂ ಸಕಲೇಶಪುರ, ಮೂಡಿಗೆರೆ ಕಡೆಯ ತೋಟಗಳಲ್ಲಿ ಬೆಳೆ ರಕ್ಷಣೆಯ ಲೈಸೆನ್ಸಿನ ಕೇಪಿನ ಕೋವಿ (ಬಾಯಿಯಿಂದ ಮದ್ದು, ಗುಂಡು ತುಂಬಿ, ಕೇಪೆಂಬ ಸಿಡಿಯುವ ಪುಟ್ಟ ಟೋಪಿಯಿಂದ ಹೊತ್ತಿಸುವ ಬಂದೂಕು) ಇನ್ನೂ ಹೆಗಲ ಮೇಲಿದೆ. ಪಟ್ಟಿ ಕಟ್ಟುವುದರಲ್ಲೇ ಎಷ್ಟೋ ಜನ ಎಡವುತ್ತಾರೆ.

ಹಳೇ ಕೋವಿಗಳಲ್ಲಿ ಎಷ್ಟೋ ಬಾರಿ ಪಟ್ಟಿಯ ಬಳೆಯೇ ಇರುವುದಿಲ್ಲ. ಹಾಗಂತ ಮರಕ್ಕೆ ತೂತು ಕೊರೆಯಬೇಡಿ, ಸೀಳುತ್ತದೆ. ಹಿಂದೆ ಹಿಡಿಗೆ ಒಂದು ಚರ್ಮದ ಕವಚ, ಮುಂದೆ ಮರದ ಭಾಗಕ್ಕೆ ಒಂದು ಕುಣಿಕೆ ಸಾಕು. ಕುಣಿಕೆಯೊಳಗೆ ಗಜ, ಅಂದರೆ ನಳಿಗೆಯೊಳಗೆ ಮದ್ದು-ಗುಂಡು ತಳ್ಳುವ ಕೋಲು, ಸಿಕ್ಕಿಕೊಳ್ಳಬಾರದು. ಗಜ ಕೂರುವ ಬಳೆಗೆ ಕಟ್ಟಿದರೆ ಬೆಸುಗೆ ಬಿಡುತ್ತದೆ. ಒಂದೂವರೆ ಇಂಚು ಅಗಲದ ದಪ್ಪ ಹತ್ತಿಪಟ್ಟಿ ಒಳ್ಳೆಯದು. ನೈಲಾನ್ ಜಾರುತ್ತದೆ, ಚರ್ಮ ಮಳೆಗಾಲದಲ್ಲಿ ಬೂಷ್ಟು ಹಿಡಿಯುತ್ತದೆ.

ಈಡು (ಮದ್ದು, ಅದನ್ನು ಒತ್ತಿ ಹಿಡಿಯುವ ನಾರು, ಗುಂಡು) ತುಂಬಿದ ಕೋವಿಯನ್ನು ಬಾಯಿ ಕೆಳಗೆ ಮಾಡಿ ನೇತುಹಾಕಲೇಬಾರದು. ನಡಿಗೆಯ ಕುಲುಕಾಟಕ್ಕೆ ನಾರು, ಗುಂಡು ಮುಂದೆ ಜರುಗಿ ಮದ್ದಿನ ಮೇಲೆ ಖಾಲಿ ಜಾಗ ಬೀಳುತ್ತದೆ. ಆಗ ಹೊಡೆದರೆ ನಳಿಗೆ ಉಬ್ಬುತ್ತದೆ, ಒಡೆಯಲೂಬಹುದು. ಈಡು ಕೂತಾಗ ನಳಿಗೆಯ ಬಾಯಿಗೆ ಸರಿಯಾಗಿ ಗಜದ ಮೇಲೊಂದು ಗೀರು ಹಾಕಿಡಿ. ಆಮೇಲೆ ಕೇಪು ತೆಗೆದು, ಬಾಯಿಗೆ ಮುಖ ಒಡ್ಡದೆ ಗಜ ಇಳಿಸಿ ನೋಡಿದರೆ ಆ ಗೀರು ಮೇಲೆದ್ದಿದೆಯೋ ಇಲ್ಲವೋ ಗೊತ್ತಾಗುತ್ತದೆ.

ಬಳೆಯಿಲ್ಲದ ಆ ಹಳೇ ಕೋವಿ ಮಾಡಿದ ಕೆಲಸಗಾರರು ಕೋವಿ ಕೈಯಲ್ಲೇ ಇರಬೇಕೆಂದುಕೊಂಡಿದ್ದರೇನೋ. ಕಾಫಿ ಸಾಲಿನೊಳಗೆ ಅದೇ ಸರಿ: ಜೋತಾಡುವ ಪಟ್ಟಿ ಗಿಡದ ರೆಕ್ಕೆಗೆ (ಅಡ್ಡಕೊಂಬೆಗೆ) ಸಿಕ್ಕಿ ಕೋವಿಯನ್ನೇ ಎಳೆಯುತ್ತದೆ. ಉಣಗೋಲು (ಬೇಲಿಯ ದಾರಿಗೆ ಅಡ್ಡ ಹಾಕುವ ಗಳುಗಳು) ದಾಟುವಾಗಲೂ ಕೇಪು ತೆಗೆದು, ಪಟ್ಟಿ ಹೆಗಲಿಂದ ಇಳಿಸಿ.