ಡೊಮೇನ್ ಖಾಲಿ ಇದೆ ಅಂದಮಾತ್ರಕ್ಕೆ ಅದು ನಮ್ದಾಗಲ್ಲ

ವೆಬ್‌ಸೈಟ್ ಮಾಡಿಸೋಕೆ ಬರೋ ಚಿಕ್ಕ ಅಂಗಡಿಯವರು ಎಷ್ಟೋ ಜನ ಹೆಸರು ಮೊದಲೇ ಫಿಕ್ಸ್ ಮಾಡ್ಕೊಂಡು ಬಂದಿರ್ತಾರೆ, ಯಾವ್ದೋ ದೊಡ್ಡ ಕಂಪನಿ ಹೆಸರು, ಅದರ ಪಕ್ಕ ಸರ್ವಿಸ್, ಅದರ ಪಕ್ಕ ದಾವಣಗೆರೆ, ಕೊನೆಗೆ ಡಾಟ್ ಕಾಮ್, ಇದೇ ಅವರ ಡೊಮೇನ್, ಅಂದ್ರೆ ವೆಬ್‌ಸೈಟಿನ ವಿಳಾಸ. ವಾಷಿಂಗ್ ಮೆಷಿನ್ ರಿಪೇರಿ ಮಾಡೋರೊಬ್ರು "ನೋಡ್ದೆ ಸಾರ್, ಖಾಲಿ ಇದೆ, ಖಾಲಿ ಇರೋದನ್ನ ದುಡ್ಡು ಕೊಟ್ಟು ತಗೊಂಡ್ರೆ ಏನ್ ತಪ್ಪು" ಅಂತ ಕೇಳಿದ್ರು. ತಪ್ಪಿದೆ. ಡೊಮೇನ್ ಮಾರೋ ಕಂಪನಿ, ಅಂದ್ರೆ ರಿಜಿಸ್ಟ್ರಾರ್, ನೋಡೋದು ಆ ಹೆಸರು ಆಗ್ಲೇ ಯಾರಾದ್ರೂ ತಗೊಂಡಿದಾರಾ ಅಂತ ಅಷ್ಟೇ, ಟ್ರೇಡ್‌ಮಾರ್ಕ್ ಯಾರದು ಅಂತ ಚೆಕ್ ಮಾಡಲ್ಲ, ನಾವು ಓದದೇ ಟಿಕ್ ಹಾಕೋ ಅಗ್ರಿಮೆಂಟಲ್ಲಿ ಇನ್ನೊಬ್ರ ಹಕ್ಕಿಗೆ ಧಕ್ಕೆ ತರಲ್ಲ ಅಂತ ನಮ್ ಕೈಲೇ ಬರೆಸ್ಕೊಂಡಿರ್ತಾರೆ.

ಬೆಂಗಳೂರಲ್ಲೇ ಶುರುವಾದ ಕೇಸ್ ಒಂದಿದೆ. ಸತ್ಯಂ ಇನ್ಫೋವೇ ಅನ್ನೋ ಇಂಟರ್ನೆಟ್ ಕಂಪನಿಯವರು ತಮ್ಮ ಹೆಸರಿಂದಲೇ ಸಿಫಿ ಅನ್ನೋ ಪದ ಕಟ್ಟಿ 1999ರಲ್ಲೇ ಡೊಮೇನ್‌ಗಳನ್ನ ತಗೊಂಡಿದ್ರು, 2001ರಲ್ಲಿ ಇನ್ನೊಂದು ಕಂಪನಿ ಒಂದು ಎಫ್ ಜಾಸ್ತಿ ಹಾಕಿ ಸಿಫ್ಫಿನೆಟ್ ಅಂತ ಮಾಡಿಸ್ತು. ಕೇಳಿದ್ರೆ ನಮ್ಮ ಐದು ಜನ ಪ್ರಮೋಟರ್‌ಗಳ ಹೆಸರಿನ ಮೊದಲಕ್ಷರ ಸೇರಿಸಿದ್ದು ಅಂದ್ರು. ಸಿಟಿ ಸಿವಿಲ್ ಕೋರ್ಟ್ ತಡೆ ಕೊಡ್ತು, ಹೈಕೋರ್ಟ್ ಅದನ್ನ ತೆಗೀತು, 2004ರಲ್ಲಿ ಸುಪ್ರೀಂ ಕೋರ್ಟ್ ಆ ಸಮಜಾಯಿಷಿ ಒಪ್ಪದೇ ತಡೆಯನ್ನ ವಾಪಸ್ ತಂತು. ಡೊಮೇನಿಗೆ ಅಂತಲೇ ನಮ್ಮಲ್ಲಿ ಬೇರೆ ಕಾನೂನಿಲ್ಲ, ಆದ್ರೂ ಟ್ರೇಡ್‌ಮಾರ್ಕಿನ ಪಾಸಿಂಗ್ ಆಫ್, ಅಂದ್ರೆ ಇನ್ನೊಬ್ರ ಹೆಸರಿನ ಹಾಗೆ ತೋರಿಸ್ಕೊಂಡು ಗಿರಾಕಿಗಳನ್ನ ದಾರಿ ತಪ್ಪಿಸಬಾರ್ದು ಅನ್ನೋ ನಿಯಮ, ಇದಕ್ಕೂ ಅನ್ವಯಿಸುತ್ತೆ ಅಂತ ಆ ತೀರ್ಪಲ್ಲೇ ಸ್ಪಷ್ಟ ಆಯ್ತು.

ಕೋರ್ಟಿಗೂ ಹೋಗ್ಬೇಕಿಲ್ಲ. ಡಾಟ್ ಕಾಮ್‌ಗೆ 1999ರಿಂದ ಯುಡಿಆರ್‌ಪಿ ಅನ್ನೋ, ಕೋರ್ಟಿನ ಹೊರಗೇ ಡೊಮೇನ್ ಜಗಳ ತೀರ್ಮಾನಿಸೋ ವ್ಯವಸ್ಥೆ ಇದೆ, ಡಾಟ್ ಇನ್‌ಗೆ ಅಂಥದ್ದೇ ಐಎನ್‌ಡಿಆರ್‌ಪಿ. ಹೆಸರು ಗೊಂದಲ ಆಗೋಷ್ಟು ಹೋಲುತ್ತೆ, ಡೊಮೇನ್ ತಗೊಂಡೋರಿಗೆ ಆ ಹೆಸರಲ್ಲಿ ಹಕ್ಕಿಲ್ಲ, ದುರುದ್ದೇಶದಿಂದ ತಗೊಂಡು ಬಳಸಿದಾರೆ, ಯುಡಿಆರ್‌ಪಿಲಿ ಈ ಮೂರನ್ನೂ ಕಂಪನಿ ತೋರಿಸಿದ್ರೆ ಡೊಮೇನ್ ಅವರ ಪಾಲು, ನಮಗೆ ಒಂದ್ರೂಪಾಯಿ ಬರಲ್ಲ. ಹೆಸರು ಹಿಡಿದಿಟ್ಕೊಂಡು ಕಂಪನಿಗೇ ಮಾರ್ತೀನಿ ಅನ್ನೋ ಹುಡುಗರು ದಯವಿಟ್ಟು ಇಲ್ಲಿ ಗಮನ ಕೊಡಿ, ಖರ್ಚಾದ ಹಣಕ್ಕಿಂತ ಜಾಸ್ತಿಗೆ ಟ್ರೇಡ್‌ಮಾರ್ಕ್ ಮಾಲೀಕರಿಗೇ ಮಾರೋ ಉದ್ದೇಶ ಇತ್ತು ಅಂತ ಗೊತ್ತಾದ್ರೆ ಅದೇ ದುರುದ್ದೇಶ ಅಂತ ನಿಯಮದಲ್ಲೇ ಬರೆದಿದೆ, ಅಂದ್ರೆ ನೀವು ರೇಟ್ ಹೇಳಿ ಕಳ್ಸಿದ ಮೇಲ್ ನಿಮ್ಮ ವಿರುದ್ಧವೇ ಸಾಕ್ಷಿ. ಕಂಪನಿಯವರು ಅಮೆರಿಕದ ಕೋರ್ಟಿಗೆ ಹೋದ್ರಂತೂ ಅಲ್ಲಿಯ ಕಾನೂನಲ್ಲಿ ಒಂದೊಂದು ಡೊಮೇನಿಗೆ 1,000ದಿಂದ 1,00,000 ಡಾಲರ್‌ವರೆಗೂ ಪರಿಹಾರ ಹಾಕ್ಬಹುದು.

ನಿಜವಾಗ್ಲೂ ಆ ಬ್ರ್ಯಾಂಡಿನ ಸರ್ವಿಸ್ ಮಾಡೋರಿಗೆ ಪೂರ್ತಿ ಬಾಗಿಲು ಮುಚ್ಚಿಲ್ಲ. ಓಕಿ ಡೇಟಾ ಅನ್ನೋ 2001ರ ಯುಡಿಆರ್‌ಪಿ ತೀರ್ಮಾನದ ಪ್ರಕಾರ ಆ ಬ್ರ್ಯಾಂಡಿನ ಕೆಲಸವನ್ನೇ ಮಾಡ್ತಿರ್ಬೇಕು, ಸೈಟಲ್ಲಿ ಬೇರೆ ಬ್ರ್ಯಾಂಡಿನದು ಇರ್ಬಾರ್ದು, ಕಂಪನಿಗೂ ನಮಗೂ ಏನು ಸಂಬಂಧ ಅಂತ ಎದ್ದು ಕಾಣೋ ಹಾಗೆ ಬರೀಬೇಕು, ಆ ಹೆಸರಿನ ಡೊಮೇನ್‌ಗಳನ್ನೆಲ್ಲ ಬಾಚ್ಕೋಬಾರ್ದು. ಎಲ್ಲ ಕಂಪನಿಯ ಮೆಷಿನ್ನೂ ರಿಪೇರಿ ಮಾಡೋ ಅಂಗಡಿ ಇದ್ರಲ್ಲಿ ಪಾಸಾಗೋದು ಕಷ್ಟ. ಅಂಗಡಿ ಹೆಸರಲ್ಲೇ ಡೊಮೇನ್ ತಗೊಂಡು ಯಾವ್ಯಾವ ಬ್ರ್ಯಾಂಡ್ ರಿಪೇರಿ ಮಾಡ್ತೀವಿ ಅಂತ ಪೇಜ್ ಒಳಗೆ ಬರೆಯೋದು ಎಷ್ಟೋ ವಾಸಿ.

ಈಗಾಗ್ಲೇ ತಗೊಂಡಿದ್ದು ಯುಡಿಆರ್‌ಪಿ ಕಂಪ್ಲೇಂಟ್ ಬಂದಿದ್ರೆ ಉತ್ತರಕ್ಕೆ 20 ದಿನ ಸಿಗುತ್ತೆ, ಡೊಮೇನ್ ಲಾಕ್ ಆಗಿರೋದ್ರಿಂದ ಬೇರೆಯವರ ಹೆಸರಿಗೆ ದಾಟಿಸೋಕೂ ಆಗಲ್ಲ, ಹಾಗಾಗಿ ಸುಮ್ನೆ ಕೂರದೇ ಮೊದಲ ವಾರದಲ್ಲೇ ಟ್ರೇಡ್‌ಮಾರ್ಕ್ ಗೊತ್ತಿರೋ ವಕೀಲರನ್ನ ನೋಡಿ.