ಜೊಂಬಿ ಮುಖವಾಡ: ರೆಪ್ಪೆಯ ಕಾಟ ತೀರಿತು

ಮೂರು ವಾರ ಕಾಡಿದ ರೆಪ್ಪೆಗಳು ನಿನ್ನೆ ರಾತ್ರಿ ಹರಿಯದೆ ಅಚ್ಚಿನಿಂದ ಬಿಟ್ಟುಕೊಂಡವು. ಜೇಡಿಮಣ್ಣಿನಲ್ಲಿ ಮುಖದ ಮಾದರಿ ಮಾಡಿ, ಅದರಿಂದ ತೆಗೆದ ಪ್ಲಾಸ್ಟರ್ ಅಚ್ಚಿನಲ್ಲಿ ಲ್ಯಾಟೆಕ್ಸ್ (ದ್ರವರೂಪದ ರಬ್ಬರ್) ಒಣಗಿಸಿ ಮುಖವಾಡ ಮಾಡುವ ಕೆಲಸವಿದು; ನೇರವಾಗಿ ಕಣ್ಣಿಗೇ ಬರುತ್ತೇನೆ.

ನಾನು ಮಾಡಹೊರಟದ್ದು ಕೆರಿಬಿಯನ್ ದೇಶ ಹೈಟಿಯ ಜನಪದದ ಜೊಂಬಿಯನ್ನು. ನರಮಾಂಸಕ್ಕೆ ಹಾತೊರೆಯುವ ಹೆಣಗಳ ಕಲ್ಪನೆ 1968ರಲ್ಲಿ ಅಮೆರಿಕದ ನಿರ್ದೇಶಕ ಜಾರ್ಜ್ ರೊಮೆರೊ ಅವರ ಸಿನಿಮಾದಿಂದ ಬೇರೂರಿತು; ಹೈಟಿಯ ಜೊಂಬಿಯಾದರೋ ಬೊಕೊರ್ ಎಂಬ ಮಾಂತ್ರಿಕನು ಗೋರಿಯಿಂದ ಎಬ್ಬಿಸಿ ಹೊಲದಲ್ಲಿ ದುಡಿಸಿಕೊಳ್ಳುವ, ಸ್ವಂತ ಇಚ್ಛೆಯೇ ಇಲ್ಲದ ಆಳು. ಫ್ರೆಂಚರ ಕಬ್ಬಿನ ತೋಟಗಳಲ್ಲಿ ಸವೆದ ಗುಲಾಮರಿಗೆ, ಸತ್ತ ಮೇಲೂ ದುಡಿತ ತಪ್ಪದೇನೋ ಎಂಬುದಕ್ಕಿಂತ ದೊಡ್ಡ ಭಯ ಇದ್ದಿರಲಾರದು. ಆದ್ದರಿಂದ ಈ ಮುಖದಲ್ಲಿ ಒಂದು ಗಾಯವೂ ಇರಬಾರದು, ಹೇಳಬೇಕಾದುದನ್ನೆಲ್ಲ ಅರ್ಧ ಇಳಿದ ರೆಪ್ಪೆಗಳೇ ಹೇಳಬೇಕು ಎಂದು ನಿಶ್ಚಯಿಸಿದ್ದೆ.

ಮೊದಲ ಎರಡು ಎರಕಗಳಲ್ಲಿ ಲ್ಯಾಟೆಕ್ಸ್ ರೆಪ್ಪೆಯ ಮಡಿಕೆಯಲ್ಲಿ ಮಡುಗಟ್ಟಿ ಒಳಗೆ ಹಸಿಯಾಗಿಯೇ ಉಳಿಯಿತು, ಅಂಚಿನಲ್ಲಿ ಮಾತ್ರ ಈರುಳ್ಳಿ ಸಿಪ್ಪೆಯಷ್ಟು ತೆಳುವಾಗಿ, ಒಣಗುತ್ತಾ ಕುಗ್ಗಿ ಮೇಲಕ್ಕೆ ಸುರುಳಿಕೊಂಡಿತು. ಇಚ್ಛೆ ಕಳೆದುಕೊಂಡವನ ಬದಲು ನಿದ್ದೆಗಣ್ಣಿನವನು ಎದುರಿಗೆ ಬಂದ. ಮೂರನೆಯ ಸಲಕ್ಕೆ ಸರಬರಾಜುದಾರರು ಕಳುಹಿಸಿದ ಡಬ್ಬಿಯಲ್ಲಿ, ಗಂಟುಗಟ್ಟದಂತೆ ಕಾಯುವ ಅಮೋನಿಯ ಹಾರಿಹೋಗಿ ಲ್ಯಾಟೆಕ್ಸ್ ಒಡೆದ ಹಾಲಿನಂತೆ ಗಂಟುಗಟ್ಟಿತ್ತು. ಹಳೆಯ ಸರಕನ್ನು ಹೊಸ ಚೀಟಿ ಅಂಟಿಸಿ ಮಾರುವುದು ಅಕ್ಷಮ್ಯ.

ಈ ಸಲ ಸುರಿಯುವುದನ್ನೇ ಬಿಟ್ಟು, ಸ್ಪಂಜಿನ ಚೂರಿನಿಂದ ಒತ್ತಿ ಒತ್ತಿ, ಒಂದು ಪದರ ಪೂರ್ತಿ ಒಣಗಿದ ಮೇಲಷ್ಟೇ ಇನ್ನೊಂದನ್ನು ಹಚ್ಚುತ್ತಾ ಎಂಟು ಪದರ ಕಟ್ಟಿದೆ. ರೆಪ್ಪೆಯಂಚಿಗೆ ಹತ್ತಿಯ ಎಳೆಯನ್ನು ಹುದುಗಿಸಿದ್ದರಿಂದ ಸುರುಳಿಕೊಳ್ಳುವುದು ನಿಂತಿತು. ಬಿಡಿಸುವಾಗ ಇಂಚಿಂಚಿಗೂ ಟಾಲ್ಕಂ ಪುಡಿ ಉದುರಿಸದಿದ್ದರೆ ಲ್ಯಾಟೆಕ್ಸ್ ತನಗೆ ತಾನೇ ಅಂಟಿ ಎಲ್ಲವೂ ಹಾಳಾಗುತ್ತಿತ್ತು. ಬೆಳಕಿಗೆ ಹಿಡಿದಾಗ ಆ ಕಣ್ಣಿನ ಸೀಳಿನ ಹಿಂದೆ ಯಾರೂ ಇರಲಿಲ್ಲ. ನನಗೆ ಬೇಕಾದದ್ದು ಅದೇ.

ಇದೇ ಅಚ್ಚಿನಿಂದ, ಹೈಟಿಯ ಜನಪದ ಹೇಳುವಂತೆ ಉಪ್ಪಿನ ರುಚಿ ತಗುಲಿ ತಾನು ಯಾರೆಂದು ಅರಿತು ಗೋರಿಗೆ ಮರಳುವ ಜೊಂಬಿಯನ್ನೂ ಮಾಡುವೆನೆಂದುಕೊಂಡಿದ್ದೆ. ಆದರೆ ಕೆಲಸದ ಹೊತ್ತಿನಲ್ಲಿ ಕೇಳುತ್ತಿದ್ದ ನೈಜೀರಿಯದ ಗಾಯಕ ಫೆಲಾ ಕುಟಿಯವರ ಹಾಡು ಮನಸ್ಸನ್ನು ಬೇರೆಡೆಗೆ ಎಳೆದಿದೆ. ಆಜ್ಞೆಯಿಲ್ಲದೆ ಹೆಜ್ಜೆಯನ್ನೂ ಎತ್ತಿಡದ ನೈಜೀರಿಯದ ಸೈನಿಕರನ್ನು ಅವರು 1976ರಲ್ಲಿ ಜೊಂಬಿಗಳೆಂದು ಹಾಡಿದರು. 1977ರ ಫೆಬ್ರವರಿ 18ರಂದು ಸೈನಿಕರು ಲಾಗೋಸ್‌ನ ಅವರ ಮನೆಗೆ ಬೆಂಕಿಯಿಟ್ಟು, ತಾಯಿ ಫನ್ಮಿಲಾಯೊ ಅವರನ್ನು ಕಿಟಕಿಯಿಂದ ಎಸೆದರು, ಮರುವರ್ಷ ಆಕೆ ತೀರಿಕೊಂಡರು. ಆ ಸೈನಿಕನ ಮುಖಕ್ಕೆ ಇಳಿದ ರೆಪ್ಪೆ ಒಪ್ಪುವುದಿಲ್ಲ. ಅವನ ಕಣ್ಣು ಪೂರ್ತಿ ತೆರೆದಿದ್ದೂ ಏನನ್ನೂ ಕಾಣಬಾರದು. ಅದಕ್ಕಾಗಿ ಇಂದು ಬೆಳಿಗ್ಗೆ ಹೊಸ ಜೇಡಿಮಣ್ಣನ್ನು ನೆನೆಹಾಕಿದ್ದೇನೆ.